ಟೈಲರ್ ಬಿಟ್ಟು ಹೋಗುವುದು ಕಾರ್ಖಾನೆಯನ್ನೋ, ಸೂಪರ್‌ವೈಸರನ್ನೋ?

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರ, ರಾಮನಗರದಿಂದ ಮದ್ದೂರಿನವರೆಗಿನ ಹೆದ್ದಾರಿಯ ಆಸುಪಾಸು, ಎಲ್ಲಿಗೇ ಹೋದರೂ ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿನ ಪಕ್ಕ ಒಂದು ಫಲಕ ಕಣ್ಣಿಗೆ ಬೀಳುತ್ತದೆ: ‘ಟೈಲರ್‌ಗಳು, ಹೆಲ್ಪರ್‌ಗಳು, ಚೆಕರ್‌ಗಳು ಬೇಕಾಗಿದ್ದಾರೆ’. ನಾನು ಕಂಡ ಅನೇಕ ಕಡೆ ಅದು ನಾಲ್ಕು ದಿನ ಕಟ್ಟಿ ಬಿಚ್ಚುವ ಬ್ಯಾನರಾಗಿರಲಿಲ್ಲ. ತಗಡಿಗೆ ಬಣ್ಣ ಬಳಿದು ಬರೆಸಿ, ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಫಲಕವಾಗಿತ್ತು. ಅದನ್ನು ಇಳಿಸುವ ದಿನ ಬಂದೀತೆಂದು ಬರೆಸಿದವರೂ ಎಣಿಸಿದಂತಿಲ್ಲ. ಹೊಸ ಆರ್ಡರ್ ಬಂದಾಗ ಜನ ಬೇಕಾಗುವುದು ನಿಜ. ಆದರೆ ವರ್ಷವಿಡೀ ಜನ ಬೇಕಾಗುತ್ತಿರುವುದಕ್ಕೆ ಮುಖ್ಯ ಕಾರಣ, ಒಳಗೆ ಬಂದವರು ಒಳಗೆ ನಿಲ್ಲುತ್ತಿಲ್ಲ ಎಂಬುದು.

ಒಂದು ಲೆಕ್ಕ ಹಾಕಿ ನೋಡೋಣ. 60 ಜನರ ಒಂದು ಲೈನ್‌ನಿಂದ ತಿಂಗಳಿಗೆ ಮೂವರು ಮಾತ್ರ ಬಿಟ್ಟರೆಂದು ಇಟ್ಟುಕೊಂಡರೂ ವರ್ಷಕ್ಕೆ 36 ಜನರಾಯಿತು, ಅಂದರೆ ಅರ್ಧಕ್ಕಿಂತ ಹೆಚ್ಚು ಮೆಷಿನ್‌ಗಳ ಮುಂದೆ ಹೊಸ ಮುಖ. ಅಂಗಿ ಹೊಲಿಯುವ ಲೈನ್‌ನಲ್ಲಿ ಕಾಲರ್ ಕೂರಿಸುವವರು ಒಬ್ಬರು, ಕಫ್ ಮಾಡುವವರು ಇನ್ನೊಬ್ಬರು, ತೋಳು ಸೇರಿಸುವವರು ಮತ್ತೊಬ್ಬರು. ಒಬ್ಬರ ಕೈಯಿಂದ ಬಂಡಲ್ ಮುಂದೆ ಹೋಗದೆ ಮುಂದಿನವರಿಗೆ ಕೆಲಸವಿಲ್ಲ. ಕಾಲರ್ ಕೂರಿಸುತ್ತಿದ್ದ ಕೈ ಹೋದರೆ ಹೊಸಬರಿಗೆ ಆ ವೇಗ ಬರಲು ವಾರಗಳೇ ಬೇಕು. ಅಷ್ಟರಲ್ಲಿ ಹಿಂದೆ ಬಂಡಲ್ ರಾಶಿ ಬೀಳುತ್ತದೆ, ಮುಂದೆ ಮೆಷಿನ್ ಖಾಲಿ ಕೂರುತ್ತದೆ, ಗಂಟೆಯ ಟಾರ್ಗೆಟ್ ತಪ್ಪುತ್ತದೆ, ಸೂಪರ್‌ವೈಸರ್ ಕೂಗಾಡುತ್ತಾರೆ, ಆ ಕೂಗಾಟ ಕೇಳಲಾರದೆ ಮುಂದಿನ ತಿಂಗಳು ಇನ್ನೊಬ್ಬರು ಬಿಡುತ್ತಾರೆ. ಬಿಡುವುದೇ ಬಿಡುವುದಕ್ಕೆ ಕಾರಣವಾಗುವ ಈ ಸುತ್ತು ಹೊರಗಿನವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಎಚ್‌ಆರ್ ವಿಭಾಗದ ಕಡತ ತೆರೆದರೂ ಅದು ಕಾಣುವುದು ಕಷ್ಟ. ರಾಜೀನಾಮೆ ಪತ್ರಗಳಲ್ಲಿ ಹೆಚ್ಚಾಗಿ ಇರುವುದು ‘ವೈಯಕ್ತಿಕ ಕಾರಣಗಳಿಂದ’ ಎಂಬ ಒಂದೇ ಮಾತು. ಬರೆದವರು ಸುಳ್ಳು ಹೇಳುತ್ತಿದ್ದಾರೆ ಎನ್ನಲಾಗದು. ಬಿಡುವವರಿಗೆ ಬಾಕಿ ಸಂಬಳ ಬೇಕು, ಪಿಎಫ್ ಹಣಕ್ಕೆ ಕಾರ್ಖಾನೆಯಿಂದ ಆಗಬೇಕಾದ ಕೆಲಸ ಆಗಬೇಕು, ನಾಳೆ ಮತ್ತೆ ಇದೇ ಗೇಟಿಗೆ ಬಂದು ಕೆಲಸ ಕೇಳುವ ಸಂದರ್ಭವೂ ಬರಬಹುದು. ಹೀಗಿರುವಾಗ ಸೂಪರ್‌ವೈಸರ್ ಮೇಲೆ ದೂರು ಬರೆದು ಹೋಗುವುದರಿಂದ ಅವರಿಗೆ ಸಿಗುವುದೇನೂ ಇಲ್ಲ. ಆದ್ದರಿಂದ ಜನ ಏಕೆ ಬಿಡುತ್ತಾರೆ ಎಂಬ ಪ್ರಶ್ನೆಗೆ ಕಡತದಲ್ಲಿ ಉತ್ತರ ಹುಡುಕುವ ಆಡಳಿತಕ್ಕೆ ಸೂಪರ್‌ವೈಸರ್ ಹೆಸರು ಸಿಗುವುದೇ ಇಲ್ಲ.

ಹಾಗೆಂದು ಎಲ್ಲವನ್ನೂ ಸೂಪರ್‌ವೈಸರ್ ತಲೆಗೆ ಕಟ್ಟುವುದು ಅನ್ಯಾಯ. ಅವರು ಯಾರು ಎಂಬುದನ್ನು ಮೊದಲು ನೋಡಬೇಕು. ಬಹುತೇಕ ಸೂಪರ್‌ವೈಸರ್‌ಗಳು ಒಂದು ಕಾಲಕ್ಕೆ ಮೆಷಿನ್ ಮುಂದೆ ಕೂತಿದ್ದವರೇ, ಇಲ್ಲವೇ ಚೆಕಿಂಗ್ ಟೇಬಲ್‌ನಿಂದ ಬಂದವರು. ಎಲ್ಲ ಆಪರೇಷನ್ ಗೊತ್ತು, ಕೈ ಚುರುಕು ಎಂಬ ಕಾರಣಕ್ಕೆ ಬಡ್ತಿ ಸಿಕ್ಕಿತು. ಬಡ್ತಿ ಸಿಕ್ಕ ಮರುದಿನದಿಂದ ಅವರ ಕೆಲಸ ಪೂರ್ತಿ ಬದಲಾಯಿತು: ಸೂಜಿಯ ಜಾಗದಲ್ಲಿ ಮನುಷ್ಯರು. ಹೊಲಿಗೆ ಕಲಿಯಲು ತಿಂಗಳುಗಟ್ಟಲೆ ಸಮಯ ಕೊಟ್ಟ ಕಾರ್ಖಾನೆ, 60 ಜನರೊಡನೆ ಮಾತಾಡಿ ಕೆಲಸ ತೆಗೆಯುವುದನ್ನು ಕಲಿಯಲು ಒಂದು ದಿನವನ್ನೂ ಕೊಡದಿರುವುದು ಅಪರೂಪವೇನಲ್ಲ. ಮೇಲೆ ಫ್ಲೋರ್ ಇನ್‌ಚಾರ್ಜ್, ಅವರ ಮೇಲೆ ಪ್ರೊಡಕ್ಷನ್ ಮ್ಯಾನೇಜರ್, ಅವರ ಮೇಲೆ ಸಾಗಣೆಯ ದಿನಾಂಕ ಹಿಡಿದು ಕೂತ ಬ್ರ್ಯಾಂಡ್. ಮೇಲಿನಿಂದ ಬಂದ ಬೈಗುಳ ಕೆಳಗೆ ಹರಿಯುವ ದಾರಿಯಲ್ಲಿ ಸೂಪರ್‌ವೈಸರ್ ಕೊನೆಯ ಮೆಟ್ಟಿಲು. ತನ್ನ ಮೇಲಿನವರು ತನ್ನೊಡನೆ ಹೇಗೆ ಮಾತಾಡುತ್ತಾರೋ ಹಾಗೆಯೇ ಅವರು ಕೆಳಗಿನವರೊಡನೆ ಮಾತಾಡಲು ಕಲಿಯುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್‌ಗಳಿಗೆ ನಡೆದ ತರಬೇತಿಯನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೆ. ತರಬೇತಿ ಕೊಡುವವರು ಇಬ್ಬರನ್ನು ಎಬ್ಬಿಸಿ, ಒಬ್ಬರನ್ನು ಟೈಲರ್ ಆಗಿಯೂ ಇನ್ನೊಬ್ಬರನ್ನು ಸೂಪರ್‌ವೈಸರ್ ಆಗಿಯೂ ನಿಲ್ಲಿಸಿದರು. ‘ಸಾರ್, ಮಗೂಗೆ ಜ್ವರ. ಎರಡು ಗಂಟೆ ಪರ್ಮಿಷನ್ ಬೇಕಿತ್ತು.’ ಎದುರಿದ್ದವರ ಬಾಯಿಂದ ಯೋಚಿಸದೆಯೇ ಮಾತು ಬಂತು: ‘ದಿನಾ ಇದೇ ಆಯ್ತು ನಿಂದು. ಹೋಗಿ ಕೂತ್ಕೊ.’ ಕೂತವರೆಲ್ಲ ನಕ್ಕರು, ಏಕೆಂದರೆ ಅದು ಅವರೆಲ್ಲರ ಮಾತಾಗಿತ್ತು. ಎರಡನೆಯ ಸಲ ಅದನ್ನೇ ಬೇರೆ ರೀತಿ ಹೇಳಲು ಹೇಳಿದಾಗ ಆ ಮನುಷ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಗು ಹತ್ರ ಯಾರಿದ್ದಾರಮ್ಮ ಈಗ? ಈ ಬಂಡಲ್ ಮುಗಿಸಿ ಹೊರಡಿ, ನಾನು ಅಷ್ಟರಲ್ಲಿ ಯಾರನ್ನಾದ್ರೂ ನೋಡ್ತೀನಿ’ ಎಂದರು. ಈ ಸಲ ಯಾರೂ ನಗಲಿಲ್ಲ.

ಆ ಎರಡು ಉತ್ತರಗಳ ನಡುವಿನ ಮೊದಲ ವ್ಯತ್ಯಾಸ ಏಕವಚನ ಮತ್ತು ಬಹುವಚನದ್ದು. ಇದನ್ನು ಸಣ್ಣ ಸಂಗತಿ ಎಂದು ತಳ್ಳಿಹಾಕುವಂತಿಲ್ಲ. ತನಗಿಂತ ಹತ್ತು ವರ್ಷ ಕಿರಿಯ ಹುಡುಗನೊಬ್ಬ ನಲವತ್ತರ ಹೆಂಗಸನ್ನು, ಮಕ್ಕಳನ್ನು ಕಾಲೇಜಿಗೆ ಕಳಿಸುತ್ತಿರುವ ತಾಯಿಯನ್ನು, ಎಲ್ಲರೆದುರು ‘ಏ, ಬಾರೇ ಇಲ್ಲಿ’ ಎಂದು ಕರೆದರೆ ಅದು ಕನ್ನಡದಲ್ಲಿ ಏನು ಹೇಳುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಎಷ್ಟೋ ತರಬೇತಿಗಳ ಪಠ್ಯ ಬೇರೆ ಭಾಷೆಯಲ್ಲಿ ಹುಟ್ಟಿ ಇಲ್ಲಿಗೆ ಬಂದಿರುತ್ತದೆ. ಅದರಲ್ಲಿ ‘ಸಂವಹನ ಕೌಶಲ’ ಎಂಬ ಅಧ್ಯಾಯವಿರುತ್ತದೆ, ‘ನೀನು’, ‘ನೀವು’ ಎಂಬ ಮಾತಿರುವುದಿಲ್ಲ. ನಮ್ಮ ಲೈನ್‌ಗಳಲ್ಲಿ ಗೌರವ ಶುರುವಾಗುವುದೇ ಆ ಒಂದು ಸರ್ವನಾಮದಿಂದ ಎಂದು ನನ್ನ ದೃಢ ಅಭಿಪ್ರಾಯ. ಎರಡನೆಯ ವ್ಯತ್ಯಾಸ ಇನ್ನೂ ದೊಡ್ಡದು. ‘ಯಾರನ್ನಾದ್ರೂ ನೋಡ್ತೀನಿ’ ಎನ್ನಬೇಕಾದರೆ ಆ ಸೂಪರ್‌ವೈಸರ್ ಕೈಯಲ್ಲಿ ಬದಲಿ ಆಳು ಇರಬೇಕು, ಇಲ್ಲವೇ ಪಕ್ಕದ ಲೈನ್‌ನವರು ಎರಡು ಗಂಟೆಗೆ ಒಬ್ಬ ಟೈಲರನ್ನು ಸಾಲ ಕೊಡಬೇಕು. ಮಾತು ಬದಲಾಯಿಸುವುದನ್ನು ತರಬೇತಿ ಕಲಿಸಬಲ್ಲದು. ಬದಲಿ ಆಳನ್ನು ಅದು ತಂದುಕೊಡಲಾರದು.

ತರಬೇತಿಯಿಂದ ಜನ ಉಳಿಯುತ್ತಾರೆಯೇ ಎಂಬ ಪ್ರಶ್ನೆಗೆ ಅಂದಾಜಿನ ಮೇಲೆ ಉತ್ತರಿಸಬೇಕಾಗಿಲ್ಲ. ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ಅನಂತ್ ನೈಷಧಂ ಮತ್ತು ಅವರ ಜೊತೆಗಾರರು ಶಾಹಿ ಎಕ್ಸ್‌ಪೋರ್ಟ್ಸ್ ಎಂಬ ದೊಡ್ಡ ಸಿದ್ಧ ಉಡುಪು ರಫ್ತು ಸಂಸ್ಥೆಯೊಡನೆ ಸೇರಿ ಇದನ್ನು ಪ್ರಯೋಗವಾಗಿಯೇ ನಡೆಸಿದರು. ಯಾವ ಸೂಪರ್‌ವೈಸರ್‌ಗಳಿಗೆ ತರಬೇತಿ ಮೊದಲು ಕೊಡಬೇಕೆಂದು ಅವರ ಮೇಲಿನ ಮಧ್ಯಮ ಹಂತದ ಮ್ಯಾನೇಜರ್‌ಗಳನ್ನು ಕೇಳಿ ಶಿಫಾರಸಿನ ಪಟ್ಟಿ ಮಾಡಿಸಿಕೊಂಡು, ಆ ಪಟ್ಟಿಯೊಳಗೇ ಯಾರಿಗೆ ತರಬೇತಿ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ನಿರ್ಧರಿಸಿದರು. ಫಲಿತಾಂಶ ವಿಚಿತ್ರವಾಗಿತ್ತು. ಮ್ಯಾನೇಜರ್‌ಗಳು ಬಲವಾಗಿ ಶಿಫಾರಸು ಮಾಡಿದವರ ಲೈನ್‌ಗಳಲ್ಲಿ ತರಬೇತಿಯ ನಂತರ ಉತ್ಪಾದಕತೆ ಹೆಚ್ಚಲಿಲ್ಲ. ಅಷ್ಟಾಗಿ ಶಿಫಾರಸು ಪಡೆಯದವರ ಲೈನ್‌ಗಳಲ್ಲಿ ಅದು ಶೇಕಡ 12ರಷ್ಟು ಏರಿತು.

ಮ್ಯಾನೇಜರ್‌ಗಳಿಗೆ ತಮ್ಮ ಜನರ ಬಗ್ಗೆ ತಿಳಿವಳಿಕೆ ಇರಲಿಲ್ಲವೇ, ಅಥವಾ ತಮಗೆ ಬೇಕಾದವರ ಹೆಸರು ಬರೆದರೇ ಎಂಬ ಸಂಶಯ ಸಹಜ. ಸಂಶೋಧಕರು ಎರಡನ್ನೂ ಪರಿಶೀಲಿಸಿ, ಎರಡೂ ಕಾರಣವಲ್ಲ ಎಂದರು. ಮ್ಯಾನೇಜರ್‌ಗಳು ನೋಡುತ್ತಿದ್ದುದು ಇನ್ನೊಂದು ಲಾಭವನ್ನು. ತರಬೇತಿ ಪಡೆದ ಸೂಪರ್‌ವೈಸರ್‌ಗಳು ಕೆಲಸ ಬಿಡುವ ಸಾಧ್ಯತೆ ಪಡೆಯದವರಿಗಿಂತ ಶೇಕಡ 15ರಷ್ಟು ಕಡಿಮೆಯಾಗಿತ್ತು, ಆ ಪರಿಣಾಮ ಹೆಚ್ಚಾಗಿ ಕಂಡದ್ದು ಬಲವಾದ ಶಿಫಾರಸು ಪಡೆದವರಲ್ಲಿಯೇ. ಒಬ್ಬ ಸೂಪರ್‌ವೈಸರ್ ಬಿಟ್ಟುಹೋದರೆ ಆ ಲೈನ್‌ನ ಭಾರ ಹೊರಬೇಕಾದವರು ಈ ಮ್ಯಾನೇಜರ್‌ಗಳೇ. ಹೊಸಬರನ್ನು ಹುಡುಕಿ, ಹೇಳಿಕೊಟ್ಟು, ಲೈನ್ ಮತ್ತೆ ಹದಕ್ಕೆ ಬರುವ ತನಕ ಓಡಾಡಬೇಕಾದವರೂ ಅವರೇ. ಹಾಗಾಗಿ ಕೈತಪ್ಪಿ ಹೋಗಬಹುದಾದವರನ್ನು ಹಿಡಿದಿಡಲು ಅವರು ತರಬೇತಿಯನ್ನು ಬಳಸಿಕೊಂಡರು.

ನನಗೆ ಈ ಅಧ್ಯಯನದಲ್ಲಿ ಎರಡು ಸಂಗತಿಗಳು ಮುಖ್ಯವೆನಿಸುತ್ತವೆ. ತರಬೇತಿಯಿಂದ ಮೊದಲು ಉಳಿಯುವವರು ಸೂಪರ್‌ವೈಸರ್‌ಗಳೇ. ಸಂಸ್ಥೆ ತನ್ನನ್ನು ಗುರುತಿಸಿದೆ, ತನಗಾಗಿ ಹಣ ಮತ್ತು ಹೊತ್ತು ಖರ್ಚು ಮಾಡಿದೆ ಎಂಬ ಭಾವನೆಯೇ ಇದರ ಹಿಂದಿರಬಹುದು, ಅಥವಾ ಕೆಲಸವನ್ನು ಸ್ವಲ್ಪ ಹಗುರಾಗಿ ಮಾಡುವ ದಾರಿ ತಿಳಿದದ್ದೂ ಇರಬಹುದು. ಇನ್ನೊಂದು, ಯಾರನ್ನು ತರಬೇತಿಗೆ ಕಳಿಸಬೇಕೆಂದು ನಿರ್ಧರಿಸುವವರು ತಮಗೆ ಯಾವ ನಷ್ಟ ತಟ್ಟುತ್ತದೆಯೋ ಅದನ್ನು ತಪ್ಪಿಸುವಂತೆಯೇ ನಿರ್ಧರಿಸುತ್ತಾರೆ. ಸೂಪರ್‌ವೈಸರ್ ಹೋದರೆ ಮ್ಯಾನೇಜರ್‌ಗೆ ತೊಂದರೆ, ಆದ್ದರಿಂದ ಅವರು ಸೂಪರ್‌ವೈಸರನ್ನು ಉಳಿಸಿಕೊಳ್ಳುತ್ತಾರೆ. ಟೈಲರ್ ಹೋದರೆ ಯಾರ ಲೆಕ್ಕದಲ್ಲಿ ಅದು ಬರೆದಿಡಲ್ಪಡುತ್ತದೆ? ಹೆಚ್ಚಿನ ಕಾರ್ಖಾನೆಗಳಲ್ಲಿ ಅದು ಎಚ್‌ಆರ್ ವಿಭಾಗದ ಲೆಕ್ಕ. ಹೊಸಬರನ್ನು ತಂದುಕೊಡುವುದು ಅವರ ಕೆಲಸ, ಪೀಸ್ ತೆಗೆಯುವುದು ಸೂಪರ್‌ವೈಸರ್ ಕೆಲಸ ಎಂದು ಹಂಚಿಹೋಗಿದೆ. ಬಿಡುವಂತೆ ಮಾಡಿದವರಿಗೂ ಬಿಟ್ಟದ್ದರ ನಷ್ಟಕ್ಕೂ ಸಂಬಂಧವೇ ಇಲ್ಲದ ಹಾಗೆ ವ್ಯವಸ್ಥೆ ಕಟ್ಟಿಕೊಂಡು, ನಡುವೆ ಎರಡು ದಿನದ ತರಬೇತಿ ಇಟ್ಟರೆ ಅದು ಎಷ್ಟು ದಿನ ಬಾಳೀತು?

ಈ ಮಾತಿಗೆ ದೂರದಿಂದ ಒಂದು ಆಧಾರ ಸಿಗುತ್ತದೆ. ಪೂರ್ವ ಯುರೋಪಿನ ಒಂದು ದೊಡ್ಡ ಚಿಲ್ಲರೆ ಮಾರಾಟ ಸಂಸ್ಥೆಯಲ್ಲಿ ಗೀಡೋ ಫ್ರೀಬೆಲ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ ತರಬೇತಿ ಎಂಬುದೇ ಇರಲಿಲ್ಲ. ಯಾದೃಚ್ಛಿಕವಾಗಿ ಆರಿಸಿದ ಅಂಗಡಿಗಳ ಮ್ಯಾನೇಜರ್‌ಗಳಿಗೆ ಸಂಸ್ಥೆಯ ಮುಖ್ಯಸ್ಥರಿಂದ ಒಂದು ಪತ್ರ ಹೋಯಿತು: ನಿಮ್ಮ ಅಂಗಡಿಯಲ್ಲಿ ಕೆಲಸ ಬಿಡುವವರ ಸಂಖ್ಯೆ ಇಳಿಸಲು ನಿಮ್ಮಿಂದ ಆದದ್ದನ್ನು ಮಾಡಿ ಎಂದು. ಅಷ್ಟರಿಂದಲೇ ಬಿಡುವವರ ಪ್ರಮಾಣ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟು ಇಳಿಯಿತು. ಒಂಬತ್ತು ತಿಂಗಳ ನಂತರ ಆ ಪರಿಣಾಮ ಕರಗಿತು. ಮತ್ತೆ ನೆನಪಿಸಿದಾಗ ಮರಳಿ ಬಂತು. ಆದರೆ ಅಂಗಡಿಗಳ ಮಾರಾಟದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಜನರ ಕಡೆ ಕೊಟ್ಟ ಸಮಯವನ್ನು ಮ್ಯಾನೇಜರ್‌ಗಳು ಇನ್ನೊಂದು ಕೆಲಸದಿಂದ ತೆಗೆದುಕೊಟ್ಟಿದ್ದರು. ಜನರನ್ನು ಉಳಿಸಿಕೊಳ್ಳುವುದು ಹೇಗೆಂಬುದು ಆ ಮ್ಯಾನೇಜರ್‌ಗಳಿಗೆ ಸ್ವಲ್ಪಮಟ್ಟಿಗೆ ಗೊತ್ತೇ ಇತ್ತು. ಅದು ತಮ್ಮ ಕೆಲಸ ಎಂದು ಯಾರೂ ಹೇಳಿರಲಿಲ್ಲ.

ಅಮೆರಿಕದ ದೊಡ್ಡ ತಂತ್ರಜ್ಞಾನ ಸಂಸ್ಥೆಯೊಂದರ ಒಳಗಿನ ದಾಖಲೆಗಳನ್ನು ಅಭ್ಯಾಸ ಮಾಡಿದ ಮಿಚೆಲ್ ಹಾಫ್‌ಮನ್ ಮತ್ತು ಸ್ಟೀವನ್ ಟಾಡೆಲಿಸ್ ಕೂಡ, ಕೈಕೆಳಗಿನವರು ಒಳ್ಳೆಯ ಅಂಕ ಕೊಟ್ಟ ಮ್ಯಾನೇಜರ್‌ಗಳ ತಂಡದಿಂದ ಬಿಡುವವರು ಕಡಿಮೆ ಎಂದು ತೋರಿಸಿದ್ದಾರೆ. ನೌಕರರು ಒಬ್ಬ ಮ್ಯಾನೇಜರ್‌ನಿಂದ ಇನ್ನೊಬ್ಬರ ಕೈಕೆಳಗೆ ಬಂದಾಗಲೂ ಆ ಸಂಬಂಧ ನಿಂತಿತು. ಅಲ್ಲಿ ಅಂಥ ಮ್ಯಾನೇಜರ್‌ಗಳಿಗೆ ಬಡ್ತಿಯೂ ಸಂಬಳದ ಏರಿಕೆಯೂ ಹೆಚ್ಚು ಸಿಗುತ್ತಿತ್ತು. ನಮ್ಮ ಗಾರ್ಮೆಂಟ್ಸ್‌ನ ಚಿತ್ರ ಬೇರೆ. ಭಾರತದ ದೊಡ್ಡ ಉಡುಪು ಸಂಸ್ಥೆಯೊಂದರ ಎರಡು ವರ್ಷಗಳ ದೈನಂದಿನ ಉತ್ಪಾದನಾ ಲೆಕ್ಕವನ್ನು ಇಟ್ಟುಕೊಂಡು ಅಧ್ವರ್ಯು ಮತ್ತು ಸಂಗಡಿಗರು ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಲೈನ್ ನಡೆಸುವವರ ಗಮನ ಮತ್ತು ಸ್ವಂತ ನಿರ್ಧಾರ ತೆಗೆದುಕೊಳ್ಳುವ ಗುಣದಂಥವು ಉತ್ಪಾದನೆಗೆ ಬಹಳ ಮುಖ್ಯವೆಂದು ಕಂಡರೂ, ಅವರ ಸಂಬಳದಲ್ಲಿ ಆ ಗುಣಗಳಿಗೆ ತಕ್ಕ ಬೆಲೆ ಇರಲಿಲ್ಲ. ಒಂದು ಕೈಯಲ್ಲಿ ಒಳ್ಳೆಯ ಗುಣವನ್ನು ಕಲಿಸಿ ಇನ್ನೊಂದು ಕೈಯಲ್ಲಿ ಅದಕ್ಕೆ ಬೆಲೆ ಕೊಡದಿದ್ದರೆ ಕಲಿತವರು ಅದನ್ನು ಎಷ್ಟು ದಿನ ಪಾಲಿಸಬೇಕು?

ಮಾಲೀಕರ ಬಾಯಲ್ಲಿ ಆಗಾಗ ಕೇಳುವ ಒಂದು ಭಯವಿದೆ: ಕಲಿಸಿದರೆ ಕಲಿತು ಬೇರೆ ಕಡೆ ಹೋಗುತ್ತಾರೆ. ಬೆಂಗಳೂರಿನ ಐದು ಕಾರ್ಖಾನೆಗಳಲ್ಲಿ ಟೈಲರ್ ಹೆಣ್ಣುಮಕ್ಕಳಿಗೆ ಸಂವಹನ, ಸಮಯ ನಿರ್ವಹಣೆ, ಹಣಕಾಸಿನ ತಿಳಿವಳಿಕೆ ಮುಂತಾದವುಗಳನ್ನು ಕಲಿಸಿದ ‘ಪೇಸ್’ ಕಾರ್ಯಕ್ರಮದ ಅಧ್ಯಯನ ಈ ಭಯಕ್ಕೆ ಆಧಾರವಿಲ್ಲವೆಂದು ತೋರಿಸಿತು. ಅಧ್ವರ್ಯು, ನಮ್ರತಾ ಕಲಾ ಮತ್ತು ನೈಷಧಂ ನಡೆಸಿದ ಆ ಅಧ್ಯಯನದಲ್ಲಿ ಕಲಿತವರ ಉತ್ಪಾದಕತೆ ಗಣನೀಯವಾಗಿ ಏರಿತು, ಸಂಸ್ಥೆಗೆ ಹಾಕಿದ ಹಣದ ಎರಡು ಪಟ್ಟಿಗೂ ಮೀರಿ ನಿವ್ವಳ ಲಾಭ ಬಂತು, ಕಲಿತವರು ಕಲಿಯದವರಿಗಿಂತ ಹೆಚ್ಚಾಗಿ ಬಿಟ್ಟುಹೋಗಲಿಲ್ಲ. ಅವರಿಗಿಂತ ಹೆಚ್ಚಾಗಿ ಉಳಿಯಲೂ ಇಲ್ಲ. ಅವರ ವೇತನ ಏರಿದ್ದು ಶೇಕಡ 0.5ರ ಆಸುಪಾಸಿನಲ್ಲಿ. ಈ ಅಂಕಿ ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಲಾಭದ ಅಷ್ಟು ಕಡಿಮೆ ಪಾಲು ಕೈಗೆ ಬಂದ ಮೇಲೆ ಆ ಹೆಣ್ಣುಮಕ್ಕಳು ಸಂಸ್ಥೆಗೆ ಇನ್ನಷ್ಟು ಅಂಟಿಕೊಂಡಿರಬೇಕೆಂದು ನಿರೀಕ್ಷಿಸುವುದು ಸರಿಯಲ್ಲ.

ಕೇಳಿಸಿಕೊಳ್ಳುವುದಕ್ಕೆ ಮಾತ್ರ ಪ್ರತ್ಯೇಕ ಬೆಲೆಯಿದೆ. ವೇತನ ಏರಿಕೆ ನಿರೀಕ್ಷೆಗಿಂತ ಕಡಿಮೆಯಾಗಿ ಜನ ಬೇಸರಗೊಂಡಿದ್ದ ಹೊತ್ತಿನಲ್ಲಿ, ಕೆಲವು ಕಾರ್ಮಿಕರನ್ನು ಯಾದೃಚ್ಛಿಕವಾಗಿ ಆರಿಸಿ ಕೆಲಸದ ಸ್ಥಿತಿ, ಸೂಪರ್‌ವೈಸರ್ ನಡವಳಿಕೆ, ಒಟ್ಟಾರೆ ಸಮಾಧಾನದ ಬಗ್ಗೆ ಹೆಸರಿಲ್ಲದೆ ಅಭಿಪ್ರಾಯ ಹೇಳಲು ಅವಕಾಶ ಕೊಟ್ಟ ಪ್ರಯೋಗವೊಂದು ಭಾರತದ ಗಾರ್ಮೆಂಟ್ಸ್‌ನಲ್ಲಿಯೇ ನಡೆದಿದೆ. ಹಾಗೆ ಹೇಳಿಕೊಂಡವರಲ್ಲಿ ಕೆಲಸ ಬಿಡುವುದೂ ಗೈರುಹಾಜರಿಯೂ ಕಡಿಮೆಯಾದವು, ಅದೂ ಹೆಚ್ಚು ನಿರಾಶರಾದವರಲ್ಲಿ ಎದ್ದು ಕಾಣುವಂತೆ. ಸೂಪರ್‌ವೈಸರ್ ತರಬೇತಿಯ ಜೊತೆಗೆ ಸೂಪರ್‌ವೈಸರ್ ಬಗ್ಗೆ ಕೆಳಗಿನವರು ನಿರ್ಭಯವಾಗಿ ಹೇಳುವ ದಾರಿಯನ್ನೂ ತೆರೆದಿಟ್ಟರೆ ಮಾತ್ರ, ಕ್ಯಾಂಟೀನಿನಲ್ಲಿ ಕಲಿತದ್ದು ಲೈನ್ ಮೇಲೆ ನಡೆಯುತ್ತಿದೆಯೇ ಎಂಬುದು ಆಡಳಿತಕ್ಕೆ ತಿಳಿದೀತು. ಆದರೆ ಹೇಳಿದ ಮೇಲೂ ಏನೂ ಬದಲಾಗದಿದ್ದರೆ ಎರಡನೆಯ ಸಲ ಯಾರು ಹೇಳುತ್ತಾರೆ?

ಯಾವ ತರಬೇತಿಯೂ ಮುಟ್ಟಲಾರದ ಕಾರಣಗಳು ಇನ್ನೂ ಇವೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವುದಕ್ಕೆ ನಿರ್ಬಂಧ ಹೇರಿದ ಕೇಂದ್ರದ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಳಿಗೆ ಇಳಿದವರಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ ಹೆಚ್ಚು; ಎರಡು ದಿನಗಳಲ್ಲಿ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಮಗಳ ಮದುವೆ, ಮನೆಯ ಸಾಲ, ಆಸ್ಪತ್ರೆಯ ಖರ್ಚು ಎದುರಾದಾಗ ಒಟ್ಟಿಗೆ ಸಿಗುವ ಹಣ ಅವರ ಪಾಲಿಗೆ ಅದೊಂದೇ, ಅದು ಪೂರ್ತಿ ಕೈಗೆ ಬರಬೇಕಾದರೆ ಅನೇಕರಿಗೆ ಕೆಲಸ ಬಿಡುವುದೇ ದಾರಿ. ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಸಿಗುತ್ತದೆಂದು ಗೊತ್ತಿದ್ದೂ ನಾಲ್ಕನೆಯ ವರ್ಷಕ್ಕೆ ಬಿಡುವವರಿಗೆ ಇಂದಿನ ಕಷ್ಟವೇ ದೊಡ್ಡದು. 30ಕ್ಕಿಂತ ಹೆಚ್ಚು ಮಹಿಳೆಯರಿರುವ ಕಡೆ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಬೆಳಗಿನ ಕತ್ತಲಲ್ಲೇ ಹಳ್ಳಿಯಿಂದ ಟೆಂಪೋ ಹತ್ತುವ ತಾಯಿ ಕೂಸನ್ನು ಅದರಲ್ಲಿ ಕರೆತರುವುದು ಹೇಗೆ ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ. ಈ ಕಾರಣಗಳಿಂದ ಬಿಡುವವರನ್ನು ಸೂಪರ್‌ವೈಸರ್ ಎಷ್ಟೇ ಒಳ್ಳೆಯ ಮಾತಾಡಿದರೂ ನಿಲ್ಲಿಸಲಾರರು. ಅವರು ಹಿಂದಿರುಗಿ ಬರುವಾಗ ಅದೇ ಗೇಟಿಗೆ ಬರುತ್ತಾರೋ ಪಕ್ಕದ ಗೇಟಿಗೆ ಹೋಗುತ್ತಾರೋ ಎಂಬುದು ಮಾತ್ರ ಬಹುಮಟ್ಟಿಗೆ ಸೂಪರ್‌ವೈಸರ್ ಕೈಯಲ್ಲಿದೆ.

ಉಳಿಸಿಕೊಳ್ಳುವಿಕೆಗೂ ತರಬೇತಿಗೂ ಇರುವ ಸಂಬಂಧ ಹಿಮ್ಮುಖವಾಗಿಯೂ ಹರಿಯುತ್ತದೆ. ಮುಂಬೈ ಸಮೀಪದ ಜವಳಿ ಕಾರ್ಖಾನೆಗಳಲ್ಲಿ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2008ರಲ್ಲಿ ಶುರುಮಾಡಿದ ಪ್ರಯೋಗದಲ್ಲಿ, ನಿರ್ವಹಣೆಯ ಸರಳ ಪದ್ಧತಿಗಳನ್ನು ರೂಢಿಸಿದ ಮೊದಲ ವರ್ಷವೇ ಉತ್ಪಾದಕತೆ ಶೇಕಡ 17ರಷ್ಟು ಏರಿತ್ತು. ಎಂಟೊಂಬತ್ತು ವರ್ಷಗಳ ನಂತರ ಮತ್ತೆ ಹೋಗಿ ನೋಡಿದಾಗ ಆ ಪದ್ಧತಿಗಳಲ್ಲಿ ಅರ್ಧದಷ್ಟು ಬಿಟ್ಟುಹೋಗಿದ್ದವು. ಕಾರಣಗಳಲ್ಲಿ ಮುಖ್ಯವಾದುದು, ಕಲಿತಿದ್ದ ಮ್ಯಾನೇಜರ್‌ಗಳು ಆ ಕಾರ್ಖಾನೆಯಲ್ಲಿ ಈಗ ಇಲ್ಲದಿರುವುದು. ಕಲಿಕೆ ಮನುಷ್ಯರ ಜೊತೆ ಬಂದು ಮನುಷ್ಯರ ಜೊತೆಯೇ ಹೊರಟುಹೋಗುತ್ತದೆ. ಹಾಗಾಗಿ ಒಮ್ಮೆ ತರಬೇತಿ ಕೊಟ್ಟು ಪ್ರಮಾಣಪತ್ರದ ಚಿತ್ರ ತೆಗೆಸಿಕೊಂಡು ಮುಗಿಸುವ ಕ್ರಮಕ್ಕೆ ಹೆಚ್ಚು ಅರ್ಥವಿಲ್ಲ.

ಟೈಲರ್‌ಗಳಲ್ಲಿ ಬಹುಪಾಲು ಹೆಂಗಸರು, ಸೂಪರ್‌ವೈಸರ್‌ಗಳಲ್ಲಿ ಬಹುಪಾಲು ಗಂಡಸರು ಎಂಬ ಹಂಚಿಕೆಯನ್ನೂ ತರಬೇತಿಯ ಪ್ರಶ್ನೆಯಿಂದ ಬೇರೆಯಾಗಿಡಲಾಗದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ‘ಬೆಟರ್ ವರ್ಕ್’ ಯೋಜನೆ ಹಲವು ದೇಶಗಳ ಉಡುಪು ಕಾರ್ಖಾನೆಗಳಲ್ಲಿ ಸೂಪರ್‌ವೈಸರ್ ತರಬೇತಿ ನಡೆಸಿದಾಗ, ತರಬೇತಿ ಪಡೆದ ಮಹಿಳಾ ಸೂಪರ್‌ವೈಸರ್‌ಗಳ ಲೈನ್‌ಗಳಲ್ಲಿ ಉತ್ಪಾದಕತೆ ಶೇಕಡ 22ರಷ್ಟು ಹೆಚ್ಚಿತೆಂದು ಅದರ ಮೌಲ್ಯಮಾಪನ ಹೇಳುತ್ತದೆ. ಬಾಂಗ್ಲಾದೇಶದಲ್ಲಿ ಹೆಣ್ಣುಮಕ್ಕಳನ್ನು ಸೂಪರ್‌ವೈಸರ್‌ಗಳಾಗಿ ತರಬೇತುಗೊಳಿಸಿದ ಪ್ರಯೋಗದಲ್ಲಿ ಮೊದಮೊದಲು ಕೈಕೆಳಗಿನವರೇ ಅವರನ್ನು ಗಂಡಸರಿಗಿಂತ ಕಡಿಮೆ ಎಂದು ಅಳೆದರು. ಕೆಲವು ತಿಂಗಳು ಅವರ ಜೊತೆ ಕೆಲಸ ಮಾಡಿದ ಮೇಲೆ ಆ ವ್ಯತ್ಯಾಸ ಅಳಿಯಿತು. ಆ ಕೆಲವು ತಿಂಗಳು ಅವರನ್ನು ಆ ಸ್ಥಾನದಲ್ಲಿ ನಿಲ್ಲಲು ಬಿಡುವ ತಾಳ್ಮೆ ಫ್ಲೋರ್ ಇನ್‌ಚಾರ್ಜ್‌ಗೆ ಇರಬೇಕು. ಆ ತಾಳ್ಮೆಗೆ ಅವರ ಮೇಲಿನವರು ಅವಕಾಶ ಕೊಡಬೇಕು.

ನಾನು ಕೂತು ನೋಡಿದ ತರಬೇತಿ ಮಧ್ಯಾಹ್ನ ಊಟಕ್ಕೆ ಮುಗಿಯಿತು. ಮೂರು ಗಂಟೆಯ ಹೊತ್ತಿಗೆ ಆ ಸೂಪರ್‌ವೈಸರ್ ತಮ್ಮ ಲೈನ್‌ನ ತುದಿಯಲ್ಲಿ ನಿಂತಿದ್ದರು. ಅಲ್ಲಿ ತೂಗುಹಾಕಿದ್ದ ಬೋರ್ಡಿನಲ್ಲಿ ಸ್ಟೈಲ್ ನಂಬರು, ಗಂಟೆಗೊಂದು ಟಾರ್ಗೆಟ್, ಗಂಟೆಗೊಂದು ಆದದ್ದು, ಆಲ್ಟರ್‌ಗೆ (ತಪ್ಪು ತಿದ್ದಲು) ಬಂದ ಪೀಸ್‌ಗಳು, ಅಂದಿನ ಹಾಜರಿ, ಇಷ್ಟು ಅಂಕಣಗಳಿದ್ದವು. ಈ ತಿಂಗಳು ಈ ಲೈನ್ ಬಿಟ್ಟವರೆಷ್ಟು ಎಂಬುದಕ್ಕೆ ಅಂಕಣವಿರಲಿಲ್ಲ. ಎರಡು ಗಂಟೆಯಿಂದ ಮೂರರವರೆಗಿನ ಟಾರ್ಗೆಟ್‌ಗೆ 11 ಪೀಸ್ ಕಡಿಮೆಯಾಗಿತ್ತು. ಇನ್‌ಚಾರ್ಜ್ ದೂರದಿಂದಲೇ ಅವರ ಹೆಸರು ಹಿಡಿದು, ಏಕವಚನದಲ್ಲಿ, ಎಲ್ಲರಿಗೂ ಕೇಳುವಂತೆ ಕೂಗಿದರು.